ಕಾಸರಗೋಡಿನಿಂದ ರಾತ್ರಿ ರೈಲು: ಸ್ಲೀಪರ್ ಬೋಗಿಗೆ ಸಾಮಾನು ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡು ಕಡೆಯವರ ರಾತ್ರಿ ರೈಲು ಪ್ರಯಾಣಕ್ಕೆ ಹೆಚ್ಚಾಗಿ ಮೂರು ದಿಕ್ಕು. ಮಕ್ಕಳು ಕೆಲಸದಲ್ಲಿರುವ ಬೆಂಗಳೂರಿಗೆ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ (16512). ಸರಕಾರಿ ಕೆಲಸಕ್ಕೆ, ಚಿಕಿತ್ಸೆಗೆ ತಿರುವನಂತಪುರಕ್ಕೆ ಮಾವೇಲಿ ಅಥವಾ ಮಲಬಾರ್. ಮುಂಬೈ ಕಡೆಗೆ ನೇತ್ರಾವತಿ. ಎಲ್ಲಿಗೆ ಹೋದರೂ ಸಾಮಾನಿನ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಒಬ್ಬರಿಗೆ ಎಷ್ಟು ಚೀಲ ಸರಿ?

ಮೂರು. ಒಂದು ಇಳಿಯುವವರೆಗೆ ತೆರೆಯಲೇಬಾರದ ದೊಡ್ಡ ಬ್ಯಾಗು. ಇನ್ನೊಂದು ರಾತ್ರಿ ಬೇಕಾದ್ದೆಲ್ಲ ಇರುವ ಸಣ್ಣ ಚೀಲ, ಅದು ಬರ್ತಿನ ಮೇಲೆ ನಿಮ್ಮ ಜೊತೆಗೆ. ಮೂರನೆಯದು ದುಡ್ಡು, ಗುರುತಿನ ಚೀಟಿ, ಮೊಬೈಲು ಹಿಡಿಸುವ ಮೈಮೇಲಿನ ಚೀಲ, ಶೌಚಾಲಯಕ್ಕೆ ಹೋಗುವಾಗಲೂ ಅದು ಮೈಮೇಲೆಯೇ ಇರಬೇಕು.

ಹೀಗೆ ಬೇರೆ ಬೇರೆ ಮಾಡುವುದಕ್ಕೆ ಕಾರಣ ಬೋಗಿಯ ರಚನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿಡಲ್ ಬರ್ತ್ ಎತ್ತಿ ಮಲಗುವ ಹೊತ್ತು. ಅದು ಎತ್ತಿದ ಮೇಲೆ ಲೋವರ್ ಬರ್ತಿನಲ್ಲಿ ನೆಟ್ಟಗೆ ಕೂರಲಿಕ್ಕೂ ಆಗುವುದಿಲ್ಲ, ಕೆಳಗೆ ತಳ್ಳಿದ ಬ್ಯಾಗನ್ನು ಎಳೆಯಬೇಕಾದರೆ ನೆಲದಲ್ಲಿ ಮಂಡಿಯೂರಬೇಕು, ದೀಪ ಹಾಕಬೇಕು. ಮಾತ್ರೆ, ಹೊದಿಕೆ, ಚಾರ್ಜರು ಆ ದೊಡ್ಡ ಬ್ಯಾಗಿನ ತಳದಲ್ಲಿದ್ದರೆ ಏಳು ಜನರ ನಿದ್ದೆ ಕೆಡುತ್ತದೆ. ಅದಕ್ಕಿಂತ ದೊಡ್ಡ ಉಪದ್ರ ಎಂದರೆ, ಅರೆನಿದ್ದೆಯಲ್ಲಿ ಬಿಚ್ಚಿದ ಬೀಗವನ್ನು ತಿರುಗಿ ಹಾಕಲು ಮರೆತುಹೋಗುವುದು.

ಚೀಲಗಳ ಸಂಖ್ಯೆ ಹೆಚ್ಚಾದಷ್ಟೂ ಇಳಿಯುವಾಗ ಒಂದು ಉಳಿಯುವ ಸಂಭವ ಹೆಚ್ಚು. ಹೊರಡುವ ಗಳಿಗೆಯಲ್ಲಿ ಮನೆಯವರು ಕೊಡುವ ಸಣ್ಣಪುಟ್ಟ ತೊಟ್ಟೆ (ಪ್ಲಾಸ್ಟಿಕ್ ಚೀಲ) ಗಳನ್ನೆಲ್ಲ ಒಂದೇ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡಿ.

ರಾತ್ರಿ ಚೀಲದಲ್ಲಿ ಏನೇನು ಇರಬೇಕು? ಯಾವ ಕ್ರಮದಲ್ಲಿ?

ಮೊದಲು ಬೇಕಾದ್ದು ಮೇಲೆ. ಎಲ್ಲಕ್ಕಿಂತ ಮೇಲೆ ಊಟದ ಕಟ್ಟ, ಏಕೆಂದರೆ ಅದು ಮೊದಲು ಖಾಲಿಯಾಗುತ್ತದೆ. ಅದರ ಕೆಳಗೆ ಹೊದಿಕೆ ಮತ್ತು ಹಾಸುವ ಬೆಡ್‌ಶೀಟು. ಬದಿಯ ಜೇಬಿನಲ್ಲಿ ನೀರಿನ ಬಾಟಲಿ, ಮಾತ್ರೆ, ಸಣ್ಣ ಟಾರ್ಚು. ತಳದಲ್ಲಿ ಬೆಳಗ್ಗಿನದ್ದು: ಬ್ರಷ್ಷು, ಪೇಸ್ಟು, ಸಾಬೂನು, ಬಾಚಣಿಗೆ, ಒಂದು ಬೈರಾಸು, ಇಳಿದ ಮೇಲೆ ಹಾಕುವ ಅಂಗಿ. ಇಷ್ಟಕ್ಕೆ 20 ಲೀಟರಿನ ಬೆನ್ನಿಗೆ ಹಾಕುವ ಬ್ಯಾಗು ಧಾರಾಳ.

ತಲೆದಿಂಬು ಹೊತ್ತುಕೊಂಡು ಹೋಗುವುದು ಬೇಡ. ಊಟದ ಕಟ್ಟ ಖಾಲಿಯಾದ ಮೇಲೆ ಇದೇ ಬ್ಯಾಗಿನಲ್ಲಿ ಬೈರಾಸು, ಅಂಗಿ ಮಾತ್ರ ಉಳಿಯುತ್ತವೆ. ಅದನ್ನೇ ತಲೆಯಡಿಗೆ ಇಟ್ಟರೆ ದಿಂಬೂ ಆಯಿತು, ಕಾವಲೂ ಆಯಿತು.

ಸ್ಲೀಪರಿನಲ್ಲಿ ಎಷ್ಟು ತೂಕ ಒಯ್ಯಬಹುದು?

ಸ್ಲೀಪರ್ ಟಿಕೆಟಿಗೆ 40 ಕಿಲೋ ಉಚಿತ. ಅದರ ಮೇಲೆ 10 ಕಿಲೋ ರಿಯಾಯಿತಿ ಮಿತಿ ಇದೆ. ಅದಕ್ಕೂ ಹೆಚ್ಚಿದ್ದರೆ ಮೊದಲೇ ಬುಕ್ ಮಾಡಿ ದುಡ್ಡು ಕಟ್ಟಬೇಕು. ಹಾಗೆ ಕಟ್ಟಿದರೂ ಬೋಗಿಯೊಳಗೆ ಒಟ್ಟು 80 ಕಿಲೋ ದಾಟುವಂತಿಲ್ಲ. ಮೊದಲೇ ಬುಕ್ ಮಾಡಿದರೆ ಹೆಚ್ಚುವರಿ ತೂಕಕ್ಕೆ ಲಗೇಜು ದರದ ಒಂದೂವರೆ ಪಟ್ಟು, ಬುಕ್ ಮಾಡದೆ ಸಿಕ್ಕಿಬಿದ್ದರೆ ಆರು ಪಟ್ಟು. ಐದರಿಂದ ಹನ್ನೆರಡು ವರ್ಷದ ಅರ್ಧ ಟಿಕೆಟಿನ ಮಕ್ಕಳಿಗೆ ತೂಕವೂ ಅರ್ಧ. ಎಸಿ ಥ್ರೀ ಟಯರಿಗೂ 40 ಕಿಲೋವೇ, ಟೂ ಟಯರಿಗೆ 50.

ಲೆಕ್ಕ ಎಲ್ಲಿ ತಪ್ಪುತ್ತದೆಂದರೆ ಊರಿನ ಸಾಮಾನಿನಲ್ಲಿ. ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋದ ಮೇಲೆ ಬರುತ್ತದೆ. ಇಪ್ಪತ್ತು ಕಾಯಿ, ಐದು ಲೀಟರು ಎಣ್ಣೆ, ಹತ್ತು ಕಿಲೋ ಕುಚ್ಚಲಕ್ಕಿ ಎಂದರೆ ಬಟ್ಟೆ ಸೇರುವ ಮೊದಲೇ 25 ಕಿಲೋ ಆಗಿರುತ್ತದೆ. ನಿಯಮದ ಮಿತಿಯೊಳಗೇ ಇದ್ದರೂ, ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಸಬೇಕಾದವರು ನೀವೇ. ನಿಮ್ಮ ಮನೆಯ ಅಡಿಕೆ ತೂಗುವ ತ್ರಾಸಿನಲ್ಲಿ ಬ್ಯಾಗನ್ನು ಒಮ್ಮೆ ತೂಗಿ ನೋಡಿ. ಒಂದೇ ಕೈಯಲ್ಲಿ ಬಾಗಿಲಿನ ಮೆಟ್ಟಿಲಿನವರೆಗೆ ಎತ್ತಲಾಗದ ಚೀಲವನ್ನು ಎರಡು ಮಾಡುವುದೇ ಸರಿ. 15 ಕಿಲೋ ದಾಟಿದ ಚೀಲ ಹೆಚ್ಚಿನವರಿಗೆ ಕಷ್ಟ.

ಟ್ರಾಲಿ ಬ್ಯಾಗು ಒಳ್ಳೆಯದೋ, ಬಟ್ಟೆಯ ಬ್ಯಾಗೋ?

ಒಂದು ವಿಭಾಗದಲ್ಲಿ ಎಂಟು ಬರ್ತು. ಆ ಎಂಟು ಜನರ ದೊಡ್ಡ ಬ್ಯಾಗುಗಳಿಗೆ ಇರುವುದು ಎರಡು ಲೋವರ್ ಬರ್ತಿನ ಅಡಿ ಮತ್ತು ಒಂದು ಸೈಡ್ ಲೋವರಿನ ಅಡಿ. ಬರ್ತಿನ ಉದ್ದ ಸುಮಾರು ಆರು ಅಡಿ. ಒಂದು ಲೋವರಿನ ಅಡಿಗೆ ಮೂರು ಜನ ಎಂದರೆ ನಿಮ್ಮ ಪಾಲು ಎರಡು ಅಡಿ. ಬ್ಯಾಗನ್ನು ಉದ್ದಕ್ಕೆ ಒಳಗೆ ತಳ್ಳಿ, ಅಗಲದ ಬದಿ ಹೊರಗೆ ಕಾಣುವ ಹಾಗೆ ಇಟ್ಟರೆ ಈ ಎರಡು ಅಡಿಯಲ್ಲಿ ನಿಮ್ಮದು ಕೂತು ಪಕ್ಕದವರಿಗೂ ಜಾಗ ಉಳಿಯುತ್ತದೆ.

ಪೆಟ್ಟಿಗೆ, ಸೂಟ್‌ಕೇಸಿಗೆ ರೈಲ್ವೆ ಹೇಳುವ ಗರಿಷ್ಠ ಅಳತೆ 100 × 60 × 25 ಸೆಂಟಿಮೀಟರು. ಇದರಲ್ಲಿ ನೋಡಬೇಕಾದ್ದು 25. ತುಂಬಿ ಉಬ್ಬಿದ ಟ್ರಾಲಿ ಬ್ಯಾಗಿನ ದಪ್ಪ 30 ದಾಟಿದರೆ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಕೊನೆಗೆ ನಡೆಯುವ ದಾರಿಯಲ್ಲಿ ನಿಲ್ಲುತ್ತದೆ. ಗಟ್ಟಿ ಚಿಪ್ಪಿನ ಟ್ರಾಲಿ ಒಂದು ಇಂಚೂ ಬಗ್ಗುವುದಿಲ್ಲ, ಬಟ್ಟೆಯ ಬ್ಯಾಗು ತಳ್ಳಿದ ಹಾಗೆ ಒಳಗೆ ಹೋಗುತ್ತದೆ. ಗಟ್ಟಿ ಟ್ರಾಲಿಯೇ ಬೇಕೆಂದಿದ್ದರೆ ಮಧ್ಯಮ ಗಾತ್ರದ್ದು ಸಾಕು. ಚಕ್ರವನ್ನು ಗೋಡೆಯ ಕಡೆಗೆ, ಹಿಡಿಯನ್ನು ನಡೆದಾರಿಯ ಕಡೆಗೆ ಇಡಿ. ತಿರುಗಾಮುರುಗಾ ಇಟ್ಟ ನಾಲ್ಕು ಚಕ್ರದ ಬ್ಯಾಗು ರೈಲು ಬ್ರೇಕ್ ಹಾಕಿದಾಗೆಲ್ಲ ಹೊರಗೆ ಉರುಳಿಕೊಂಡು ಬರುತ್ತದೆ.

ತೆಂಗಿನಕಾಯಿ, ಎಣ್ಣೆ, ಉಪ್ಪಿನಕಾಯಿ ಹೇಗೆ ಕಟ್ಟುವುದು?

ಕಾಯಿಯನ್ನು ಪೂರ್ತಿ ಸುಲಿದೇ ಒಯ್ಯಿರಿ, ಜುಟ್ಟು ಮಾತ್ರ ಬಿಡಿ. ಜುಟ್ಟು ತೆಗೆದರೆ ಕಣ್ಣಿನ ಭಾಗಕ್ಕೆ ಗಾಳಿ ತಾಗಿ ಬೇಗ ಕೆಡುತ್ತದೆ. ಸಿಪ್ಪೆ ಸಮೇತ ಒಯ್ದರೆ ಎರಡು ಪಟ್ಟು ಜಾಗ, ಮೇಲಾಗಿ ನಾರು ಬೇಗ ಬೆಂಕಿ ಹಿಡಿಯುವಂಥದ್ದು. ಕಾಯಿಗಳನ್ನು ಗೋಣಿಯಲ್ಲಿ ಸಡಿಲ ಬಿಟ್ಟರೆ ರೈಲಿನ ಅಲುಗಾಟಕ್ಕೆ ಒಂದಕ್ಕೊಂದು ಬಡಿದು ಬಿರುಕು ಬಿಡುತ್ತವೆ, ಬಿರುಕಿನಿಂದ ನೀರು ಸೋರಿ ಪಕ್ಕದ ಬಟ್ಟೆಗೆಲ್ಲ ಕಲೆ. ಪ್ರತಿಯೊಂದನ್ನೂ ಪೇಪರಿನಲ್ಲಿ ಸುತ್ತಿ, ಬಿಗಿಯಾಗಿ ತುಂಬಿ, ಚೀಲದ ಬಾಯಿ ಹೊಲಿಯಿರಿ. ಕಾಯಿ ಇರುವ ಚೀಲದಲ್ಲಿ ಬೇರೇನೂ ಬೇಡ.

ತೆಂಗಿನೆಣ್ಣೆ ಸೋರುವುದು ಮುಚ್ಚಳದಲ್ಲಿ. ಬಾಟಲಿಯನ್ನು ಕಂಠಮಟ್ಟ ತುಂಬಿದರೆ ಬಿಸಿಲಿಗೆ ಎಣ್ಣೆ ಹಿಗ್ಗಿ ಮುಚ್ಚಳದ ಸಂದಿಯಲ್ಲಿ ಹೊರಗೆ ಬರುತ್ತದೆ. ಎರಡು ಇಂಚು ಖಾಲಿ ಬಿಡಿ. ಬಾಯಿಯ ಮೇಲೆ ದಪ್ಪ ತೊಟ್ಟೆಯ ಎರಡು ಪದರ ಇಟ್ಟು ಮುಚ್ಚಳ ತಿರುಗಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಇಡೀ ಬಾಟಲಿಯನ್ನು ಇನ್ನೊಂದು ತೊಟ್ಟೆಗೆ ಹಾಕಿ ಗಂಟು ಬಿಗಿಯಿರಿ. ಆಮೇಲೆ ಬಾಟಲಿಯನ್ನು ತಲೆಕೆಳಗಾಗಿ ಒಂದು ಪೇಪರಿನ ಮೇಲೆ ಅರ್ಧ ಗಂಟೆ ಇಟ್ಟು ನೋಡಿ. ಪೇಪರಿನಲ್ಲಿ ಜಿಡ್ಡಿನ ವೃತ್ತ ಕಂಡರೆ ಮುಚ್ಚಳ ಬದಲಿಸಿ. ಬ್ಯಾಗಿನಲ್ಲಿ ಬಾಟಲಿ ನೆಟ್ಟಗೇ ನಿಲ್ಲಬೇಕು. ಸೋರುವ ಹಾಗೆ ಕಟ್ಟಿದ ಎಣ್ಣೆ, ತುಪ್ಪವನ್ನು ಬೋಗಿಗೆ ತರುವುದಕ್ಕೆ ರೈಲ್ವೆಯೇ ಒಪ್ಪುವುದಿಲ್ಲ.

ದಶಂಬರ, ಜನವರಿಯಲ್ಲಿ ಬೆಂಗಳೂರಿಗೆ ಒಯ್ಯುವವರು ಅಗಲ ಬಾಯಿಯ ಡಬ್ಬಿಗೇ ತುಂಬಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಊರಿನಲ್ಲಿ ನೀರಿನ ಹಾಗಿದ್ದದ್ದು ಘಾಟಿ ಹತ್ತಿದ ಮೇಲೆ ಗಟ್ಟಿಯಾಗಿ, ಸಣ್ಣ ಬಾಯಿಯ ಬಾಟಲಿಯಿಂದ ಹೊರಗೇ ಬರುವುದಿಲ್ಲ.

ಮಿಡಿ ಉಪ್ಪಿನಕಾಯಿಗೆ ಭರಣಿ ಬೇಡ, ಗಾಜೂ ಬೇಡ. ರಬ್ಬರು ಪಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ, ಮುಕ್ಕಾಲು ಭಾಗ ಮಾತ್ರ ತುಂಬಿ. ಹೊಸ ಉಪ್ಪಿನಕಾಯಿ ಹುದುಗುತ್ತಿರುತ್ತದೆ, ಗಾಳಿ ತುಂಬಿ ಮುಚ್ಚಳ ಎದ್ದುಬಿಡುತ್ತದೆ. ಹಾಗಾಗಿ ಆ ವರ್ಷದ ಮಿಡಿ ಒಂದೆರಡು ತಿಂಗಳು ಕಳೆದ ಮೇಲೆ ಒಯ್ಯುವುದು ಲೇಸು. ಹಪ್ಪಳ, ಹಲಸಿನ ಸೋಂಟೆ ದೊಡ್ಡ ಬ್ಯಾಗಿನ ಎಲ್ಲಕ್ಕಿಂತ ಮೇಲೆ, ಗಟ್ಟಿ ಡಬ್ಬಿಯಲ್ಲಿ.

ಹಲಸಿನ ಹಣ್ಣು, ಒಣಮೀನು ಒಯ್ಯಬಹುದೇ?

ಇಡೀ ಹಣ್ಣು ಬೇಡ. ಮುಚ್ಚಿದ ಬೋಗಿಯಲ್ಲಿ ಹಣ್ಣಾದ ಹಲಸಿನ ವಾಸನೆ ಇಡೀ ರಾತ್ರಿ ಎಲ್ಲರಿಗೂ. ಸೊಳೆ ಬಿಡಿಸಿ, ಬೀಜ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ. ಬಲಿತ ಕಾಯಿಯಾದರೆ ತೊಟ್ಟು ಕಡಿದ ಜಾಗದ ಮೇಣ ಒಣಗಿದ ಮೇಲೆ ಗೋಣಿಯಲ್ಲಿ ಕಟ್ಟಿ.

ಒಣಮೀನು ಮೊದಲು ತೊಟ್ಟೆಯಲ್ಲಿ, ಆಮೇಲೆ ಪೇಪರಿನಲ್ಲಿ, ಕೊನೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಬರಿಯ ತೊಟ್ಟೆ ವಾಸನೆ ತಡೆಯುವುದಿಲ್ಲ. ಮಂಜುಗಡ್ಡೆ ಹಾಕಿದ ಹಸಿ ಮೀನಿನ ಥರ್ಮೋಕೋಲ್ ಪೆಟ್ಟಿಗೆ ಸ್ಲೀಪರಿಗೆ ಬೇಡವೇ ಬೇಡ. ಮಂಜು ಕರಗಿದ ನೀರು ನೆಲದಲ್ಲಿ ಹರಿದು ಬೇರೆಯವರ ಬ್ಯಾಗಿನ ಅಡಿಗೆ ಹೋಗುತ್ತದೆ.

ಊಟಕ್ಕೆ ಏನು ಕಟ್ಟಿಕೊಂಡರೆ ಕೆಡುವುದಿಲ್ಲ?

ಹಸಿ ತೆಂಗಿನ ತುರಿ ಹಾಕಿದ್ದು ಯಾವುದೂ ಬೇಡ, ಇದು ಮೊದಲ ಮಾತು. ಮಧ್ಯಾಹ್ನ ಮೂರಕ್ಕೆ ರುಬ್ಬಿದ ಚಟ್ನಿ ಸೆಕೆಗೆ ರಾತ್ರಿ ಒಂಬತ್ತರ ಹೊತ್ತಿಗೆ ಹಳಸುತ್ತದೆ. ಪಲ್ಯಕ್ಕೂ ಅಂದು ಕಾಯಿ ಬೇಡ. ಚಟ್ನಿ ಬೇಕೇ ಬೇಕೆಂದರೆ ತುರಿಯನ್ನು ಕೆಂಪಾಗುವವರೆಗೆ ಹುರಿದು, ನೀರು ಮುಟ್ಟಿಸದೆ ಪುಡಿ ಮಾಡಿ.

ಚಪಾತಿ ಮತ್ತು ಬಟಾಟೆಯ ಒಣ ಪಲ್ಯ, ಹುಳಿಯವಲಕ್ಕಿ, ಪುಳಿಯೋಗರೆ, ಚಿತ್ರಾನ್ನ ಇವೆಲ್ಲ ರಾತ್ರಿಗೆ ಸರಿ. ಬಾಳೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಲೆ ಬಿಚ್ಚದೆ ಇಟ್ಟರೆ ಬೆಳಗ್ಗೆಯೂ ಮೆತ್ತಗೆ ಇರುತ್ತದೆ, ಜೊತೆಗೆ ಬೆಲ್ಲವೋ ಉಪ್ಪಿನಕಾಯಿಯೋ ಸಾಕು. ನೀರುದೋಸೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಮೊಸರನ್ನ ಕಟ್ಟುವವರು ಅನ್ನವನ್ನು ಹಾಲಿನಲ್ಲಿ ಕಲಸಿ ಒಂದೇ ಚಮಚ ಮೊಸರು ಹಾಕಿ, ತಿನ್ನುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಕಟ್ಟುವ ಕ್ರಮವೂ ಮುಖ್ಯ. ಬಾಳೆಲೆಯ ದಂಟನ್ನು ಹಿಂಬದಿಯಿಂದ ಚೂರಿಯಲ್ಲಿ ತೆಳ್ಳಗೆ ಹೆರೆದು, ಎಲೆಯನ್ನು ಬೆಂಕಿಯ ಮೇಲೆ ಆಡಿಸಿ. ಬಣ್ಣ ಕಡು ಹಸಿರಿಗೆ ತಿರುಗಿ ಎಲೆ ಮಿರಮಿರ ಮಿಂಚಿದ ಕೂಡಲೇ ತೆಗೆಯಿರಿ. ಇನ್ನೂ ಹಿಡಿದರೆ ಸುಟ್ಟು ತೂತಾಗುತ್ತದೆ. ಬಾಡಿಸದ ಎಲೆ ಮಡಚಿದ ಕಡೆಯೆಲ್ಲ ಹರಿಯುತ್ತದೆ. ಅನ್ನವನ್ನು ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸಿಯೇ ಎಲೆಗೆ ಹಾಕಿ. ಬಿಸಿ ಅನ್ನ ಕಟ್ಟಿದರೆ ಹಬೆ ನೀರಾಗಿ ಒಳಗೇ ಇಳಿಯುತ್ತದೆ, ಕಟ್ಟಿದ ಊಟ ಕೆಡುವುದಕ್ಕೆ ಮುಖ್ಯ ಕಾರಣವೇ ಅದು. ಒಬ್ಬೊಬ್ಬರಿಗೆ ಒಂದೊಂದು ಕಟ್ಟ ಮಾಡಿದರೆ ಬೋಗಿಯಲ್ಲಿ ಬಡಿಸುವ ತಾಪತ್ರಯ ಇಲ್ಲ, ತೊಳೆಯುವ ಪಾತ್ರೆಯೂ ಇಲ್ಲ. ಎಂಜಲೆಲೆಗೆಂದು ಒಂದು ಖಾಲಿ ತೊಟ್ಟೆ ಇರಲಿ, ಕಿಟಕಿಯಿಂದ ಎಸೆಯಬೇಡಿ.

ನೀರು ಎಷ್ಟು?

ರಾತ್ರಿಗೆ ಒಬ್ಬರಿಗೆ ಎರಡು ಲೀಟರು, ಒಂದು ಲೀಟರಿನ ಎರಡು ಬಾಟಲಿಯಲ್ಲಿ. ಒಂದು ಬಿದ್ದು ಚೆಲ್ಲಿದರೂ ಇನ್ನೊಂದು ಇರುತ್ತದೆ. ಬೋಗಿಯ ನಲ್ಲಿ ನೀರು ಕುಡಿಯಲಿಕ್ಕಲ್ಲ.

ಸ್ಲೀಪರಿನಲ್ಲಿ ಹೊದಿಕೆ ಕೊಡುತ್ತಾರೆಯೇ? ಶಾಲು ಬೇಕೇ?

ಕೊಡುವುದಿಲ್ಲ, ಹಾಸಿಗೆ ಬಟ್ಟೆ ಸಿಗುವುದು ಎಸಿ ಬೋಗಿಯಲ್ಲಿ. ತಿರುವನಂತಪುರದ ಕಡೆಗೆ ತೆಳು ಬೆಡ್‌ಶೀಟು ಸಾಕು, ಕರಾವಳಿಯುದ್ದಕ್ಕೂ ಸೆಕೆಯೇ. ಬೆಂಗಳೂರಿನ ದಾರಿ ಹಾಗಲ್ಲ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರು ಘಾಟಿ, 57 ಸುರಂಗ. ರೈಲು ನಿಧಾನವಾಗಿ ಏರಿ ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿಗೆ ತಲುಪುತ್ತದೆ, ಆಮೇಲೆ ಬೆಂಗಳೂರಿನವರೆಗೂ ಎತ್ತರದ ಸೀಮೆಯೇ. ಕಾಸರಗೋಡಿನಲ್ಲಿ ಬೆವರುತ್ತಾ ಹತ್ತಿದವರಿಗೆ ನಡುರಾತ್ರಿ ಕಿಟಕಿಯ ಗಾಳಿಗೆ ನಡುಕ ಬರುತ್ತದೆ. ನವಂಬರದಿಂದ ಫೆಬ್ರವರಿವರೆಗೆ ಒಂದು ಉಣ್ಣೆಯ ಶಾಲು, ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲ ರಾತ್ರಿ ಚೀಲದಲ್ಲೇ ಇರಲಿ. ಉಳಿದ ಕಾಲಕ್ಕೆ ಒಂದು ಹತ್ತಿಯ ದಪ್ಪ ಹೊದಿಕೆ.

ಬರ್ತಿನ ರೆಕ್ಸಿನ್ ಬೆವರಿಗೆ ಅಂಟುತ್ತದೆ, ಚಳಿಗೆ ತಣ್ಣಗಾಗುತ್ತದೆ. ಹಾಸಲು ಹಳೆಯ ಲುಂಗಿ ತುಂಬಾ ಒಳ್ಳೆಯದು: ತೂಕ ಇಲ್ಲ, ಬೇಗ ಒಣಗುತ್ತದೆ, ಕೊಳೆಯಾದರೆ ಬೇಸರವಿಲ್ಲ.

ಮಳೆಗಾಲದಲ್ಲಿ ಬೇರೆ ಏನು ಜಾಗ್ರತೆ?

ನೀರು ಎರಡು ಕಡೆಯಿಂದ ಬರುತ್ತದೆ. ಕಿಟಕಿಯ ಶಟರಿನ ಸಂದಿಯಿಂದ, ಮತ್ತು ಜನರ ಒದ್ದೆ ಚಪ್ಪಲಿ, ಕೊಡೆಯಿಂದ ನೆಲಕ್ಕೆ. ಬ್ಯಾಗಿನ ಮೇಲೆ ಹಾಕುವ ಮಳೆಕವರು ಕೆಳಗಿನ ನೀರಿಗೆ ಏನೂ ಮಾಡುವುದಿಲ್ಲ. ಬ್ಯಾಗಿನ ಒಳಗೆ ಮೊದಲು ಒಂದು ದೊಡ್ಡ ದಪ್ಪ ತೊಟ್ಟೆ ಇಳಿಸಿ, ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ. ಬೋಗಿಯಲ್ಲಿ ಬ್ಯಾಗಿನ ಅಡಿಗೆ ಹಳೆಯ ರಸಗೊಬ್ಬರದ ಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಸಿ. ಒದ್ದೆ ಕೊಡೆಗೆ ಒಂದು ಉದ್ದದ ತೊಟ್ಟೆ, ಒದ್ದೆ ಬಟ್ಟೆಗೆ ಇನ್ನೊಂದು.

ಮುಂಬೈ ಕಡೆಗೆ ಹೋಗುವವರು ನೆನಪಿಡಬೇಕಾದ್ದು: ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ರೈಲು ನಿಧಾನ ಓಡುತ್ತದೆ. ಒಂದು ಹೊತ್ತಿನ ಒಣ ತಿಂಡಿ, ಒಂದು ದಿನದ ಮಾತ್ರೆ ಹೆಚ್ಚಿಗೆ ಇರಲಿ.

ಚೈನು, ಬೀಗ ಹೇಗೆ ಹಾಕಬೇಕು?

ನಾಲ್ಕು ಅಡಿಯ ಚೈನು ಬೇಕು. ಮೂರು ಅಡಿಯದ್ದು ಒಂದು ಬ್ಯಾಗಿಗೆ ಸಾಲುತ್ತದೆ, ಎರಡಕ್ಕೆ ಎಳೆದರೂ ಬರುವುದಿಲ್ಲ. ಲೋವರ್ ಬರ್ತಿನ ಅಡಿಯಲ್ಲಿ ಚೈನು ಕಟ್ಟಲೆಂದೇ ಬಳೆ ಇರುತ್ತದೆ. ಮುರಿದಿದ್ದರೆ ಬರ್ತಿನ ಕಬ್ಬಿಣದ ಕಾಲಿಗೆ ಸುತ್ತಿ.

ಸಾಮಾನ್ಯವಾಗಿ ಆಗುವ ತಪ್ಪು ಚೈನನ್ನು ಬ್ಯಾಗಿನ ಮೇಲಿನ ಹಿಡಿಗೆ ಮಾತ್ರ ಹಾಕುವುದು. ಜಿಪ್ಪು ಹಾಗೆಯೇ ತೆರೆದಿರುತ್ತದೆ, ಬ್ಯಾಗು ಅಲ್ಲೇ ಇದ್ದು ಒಳಗಿನದ್ದು ಹೋಗುತ್ತದೆ. ಎರಡು ಜಿಪ್ಪಿನ ಕಿವಿಗಳನ್ನು ಒಟ್ಟುಗೂಡಿಸಿ ಸಣ್ಣ ಬೀಗ ಹಾಕಿದರೂ ಪೂರ್ತಿ ಆಗಲಿಲ್ಲ: ಪೆನ್ನಿನ ತುದಿಯಿಂದ ಜಿಪ್ಪಿನ ಹಲ್ಲು ಬಿಡಿಸಿ, ಕೆಲಸ ಮುಗಿಸಿ, ಬೀಗ ಹಾಕಿದ ಕಿವಿಯನ್ನೇ ಅತ್ತಿತ್ತ ಎಳೆದು ಹಲ್ಲು ಮತ್ತೆ ಕೂಡಿಸಿಬಿಡಬಹುದು. ಆದ್ದರಿಂದ ಜಿಪ್ಪಿನ ಬೀಗವನ್ನು ಬ್ಯಾಗಿನ ಹಿಡಿಗೂ ಸೇರಿಸಿ ಹಾಕಿ, ಕಿವಿ ಅಲ್ಲಾಡಬಾರದು. ಜಿಪ್ಪಿನ ಬದಿ ಗೋಡೆಯ ಕಡೆಗೆ ಇರಲಿ.

ನಂಬರಿನ ಬೀಗ ಕತ್ತಲಲ್ಲಿ ಉಪದ್ರ. ಇಳಿಯುವ ಹೊತ್ತಿಗೆ ಟಾರ್ಚು ಹಿಡಿದು ನಂಬರು ತಿರುಗಿಸುತ್ತಾ ಕೂರಬೇಕಾಗುತ್ತದೆ. ಕೀಲಿಕೈ ಬೀಗವೇ ವಾಸಿ. ಎರಡು ಕೀಲಿಕೈಯಲ್ಲಿ ಒಂದು ಮೈಮೇಲಿನ ಚೀಲದಲ್ಲಿ, ಇನ್ನೊಂದು ಜೊತೆಯವರ ಹತ್ತಿರ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದರೆ ಎರಡಿದ್ದೂ ಪ್ರಯೋಜನವಿಲ್ಲ.

ಪಕ್ಕದವರ ಬ್ಯಾಗಿಗೆ ನಿಮ್ಮ ಚೈನು ಸುತ್ತಿಕೊಳ್ಳದ ಹಾಗೆ ನೋಡಿ. ನಡುರಾತ್ರಿ ಹಾಸನದಲ್ಲಿ ಇಳಿಯುವವರು ನಿಮ್ಮನ್ನು ಎಬ್ಬಿಸಬೇಕಾಗುತ್ತದೆ.

ಅಪ್ಪರ್ ಬರ್ತ್ ಸಿಕ್ಕಿದರೆ ಸಾಮಾನು ಎಲ್ಲಿ?

ದೊಡ್ಡ ಬ್ಯಾಗು ಕೆಳಗೇ, ಚೈನು ಹಾಕಿ. ಲೋವರ್ ಬರ್ತಿನವರದ್ದೇ ಆ ಜಾಗ ಎಂದೇನೂ ಇಲ್ಲ, ಮೂವರಿಗೂ ಸೇರಿದ್ದು. ವಿನಯದಿಂದ ಕೇಳಿದರೆ ಜರುಗಿಸಿಕೊಡುತ್ತಾರೆ. ರಾತ್ರಿ ಚೀಲ ತಲೆಯ ಬದಿಗೆ, ಗೋಡೆಗೆ ತಾಗಿ. ಚಪ್ಪಲಿಯನ್ನು ತೊಟ್ಟೆಯಲ್ಲಿ ಹಾಕಿ ಮೇಲಕ್ಕೇ ಒಯ್ಯುವುದು ಒಳ್ಳೆಯದು, ಕೆಳಗೆ ಬಿಟ್ಟದ್ದು ಜನರ ಕಾಲಿಗೆ ಸಿಕ್ಕಿ ಬೆಳಗ್ಗೆ ಎಲ್ಲೋ ಇರುತ್ತದೆ. ಸೈಡ್ ಅಪ್ಪರ್ ಸ್ವಲ್ಪ ಗಿಡ್ಡ; ಎತ್ತರದವರು ಕಾಲಬುಡದಲ್ಲಿ ಚೀಲ ಇಟ್ಟರೆ ಕಾಲು ಚಾಚಲಾಗದು.

ಕೊಕ್ಕೆಗೆ ನೀರಿನ ಬಾಟಲಿ ಮಾತ್ರ ನೇತುಹಾಕಿ. ಕನ್ನಡಕ ಡಬ್ಬಿಯಲ್ಲಿ ಹಾಕಿ ರಾತ್ರಿ ಚೀಲದೊಳಗೆ.

ಆರ್‌ಎಸಿ ಟಿಕೆಟಾದರೆ?

ಆರ್‌ಎಸಿ ಎಂದರೆ ಪೂರ್ತಿ ಬರ್ತು ಸಿಗದೆ ಕೂರುವ ಜಾಗ ಮಾತ್ರ ಸಿಕ್ಕಿದ ಟಿಕೆಟು. ಸೈಡ್ ಲೋವರಿನಲ್ಲಿ ಇಬ್ಬರು ಕೂತು ಹೋಗಬೇಕು, ಅಡಿಯ ಜಾಗವೂ ಇಬ್ಬರಿಗೆ. ಒಂದೇ ಸಣ್ಣ ಬ್ಯಾಗು, ಒಂದು ರಾತ್ರಿ ಚೀಲ. ಕಾಯಿ, ಅಕ್ಕಿ ಇನ್ನೊಮ್ಮೆ ಒಯ್ದರಾಯಿತು. ಆನ್‌ಲೈನ್ ಟಿಕೆಟು ಚಾರ್ಟಿನ ನಂತರವೂ ಪೂರ್ತಿ ವೈಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ.

ಮೊಬೈಲು ಚಾರ್ಜಿಗೆ?

ಮನೆಯಲ್ಲೇ ಪೂರ್ತಿ ಚಾರ್ಜು ಮಾಡಿಕೊಂಡು ಹೊರಡಿ. ಹಳೆಯ ಸ್ಲೀಪರ್ ಬೋಗಿಯಲ್ಲಿ ಪ್ಲಗ್ಗು ಕಡಿಮೆ, ಇದ್ದರೂ ಸಡಿಲ. ಬೆಂಕಿಯ ಅಪಾಯದ ಕಾರಣಕ್ಕೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಕರೆಂಟು ಬಂದ್ ಮಾಡುವ ಕ್ರಮ ಇದೆ. 10,000 ಎಂಎಎಚ್‌ನ ಒಂದು ಪವರ್ ಬ್ಯಾಂಕು ಇಬ್ಬರಿಗೆ ಸಾಕು. ಚಾರ್ಜಿಗಿಟ್ಟ ಮೊಬೈಲನ್ನು ಕಿಟಕಿಯ ಬದಿ ಬಿಟ್ಟು ಮಲಗಬೇಡಿ, ರೈಲು ನಿಂತಾಗ ಹೊರಗಿನಿಂದ ಕೈ ಹಾಕುತ್ತಾರೆ.

ಮದುವೆಗೆ ಹೋಗುವಾಗ ಚಿನ್ನ ಎಲ್ಲಿಡಬೇಕು?

ದೊಡ್ಡ ಬ್ಯಾಗಿನಲ್ಲಿ ಖಂಡಿತ ಬೇಡ, ಎಷ್ಟೇ ಬೀಗ ಹಾಕಿದರೂ. ಅಂಗಿಯ ಒಳಗೆ ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲದಲ್ಲಿ, ಇಬ್ಬರಿದ್ದರೆ ಇಬ್ಬರಲ್ಲೂ ಹಂಚಿ. ಸರ, ಬಳೆ ತೆಗೆದಿಟ್ಟೇ ಮಲಗಿ. ಕಿಟಕಿ ಬದಿಯ ಲೋವರಿನಲ್ಲಿ ಇದು ಇನ್ನೂ ಮುಖ್ಯ.

1989ರ ರೈಲ್ವೆ ಕಾಯಿದೆಯ 100ನೇ ವಿಧಿಯ ಪ್ರಕಾರ, ಬುಕ್ ಮಾಡಿ ರಶೀದಿ ಪಡೆಯದ, ನಿಮ್ಮ ಕೈಯಲ್ಲೇ ಇರುವ ಸಾಮಾನು ಕಳೆದುಹೋದರೆ ರೈಲ್ವೆಯ ನಿರ್ಲಕ್ಷ್ಯವೇ ಕಾರಣ ಎಂದು ನೀವು ಸಾಬೀತುಪಡಿಸಿದರೆ ಮಾತ್ರ ಅದಕ್ಕೆ ರೈಲ್ವೆ ಹೊಣೆ. ಅದು ಸುಲಭವಲ್ಲ. ಸಾಧ್ಯವಿದ್ದರೆ ಮೈಮೇಲಿನ ಚಿನ್ನವನ್ನೇ ಕಡಿಮೆ ಮಾಡಿ.

ಸರ್ಟಿಫಿಕೇಟು, ಫೈಲು ಹಿಡಿದು ತಿರುವನಂತಪುರಕ್ಕೆ ಹೋಗುವವರಿಗೆ?

ಮೂಲ ದಾಖಲೆಗಳು ರಾತ್ರಿ ಚೀಲದಲ್ಲಿ, ಬೆನ್ನಿನ ಬದಿಗೆ ತಾಗುವ ಜೇಬಿನಲ್ಲಿ, ಗಟ್ಟಿ ರಟ್ಟಿನ ನಡುವೆ, ಮುಚ್ಚುವ ಪ್ಲಾಸ್ಟಿಕ್ ಫೋಲ್ಡರಿನಲ್ಲಿ. ಜೆರಾಕ್ಸ್ ಪ್ರತಿಗಳು ದೊಡ್ಡ ಬ್ಯಾಗಿನಲ್ಲಿ. ಎರಡೂ ಒಂದೇ ಕಡೆ ಇದ್ದರೆ ಒಂದು ಚೀಲ ಹೋದಾಗ ಎಲ್ಲವೂ ಹೋಯಿತು. ಪ್ರತಿಯೊಂದರ ಫೋಟೋ ಮೊಬೈಲಿನಲ್ಲೂ ಮನೆಯವರ ಮೊಬೈಲಿನಲ್ಲೂ ಇರಲಿ. ಕಛೇರಿಗೆ ಹಾಕುವ ಇಸ್ತ್ರಿ ಅಂಗಿಯನ್ನು ಪೇಪರು ನಡುವೆ ಇಟ್ಟು ಸುರುಳಿ ಸುತ್ತಿ, ಮಡಿಕೆಯ ಗೆರೆ ಬೀಳುವುದಿಲ್ಲ. ಟಿಕೆಟು ಪರೀಕ್ಷೆಗೆ ಬೇಕಾದ ಆಧಾರ್ ಅಥವಾ ಮತದಾರರ ಚೀಟಿ ಫೈಲಿನೊಳಗೆ ಬೇಡ, ಮೈಮೇಲಿನ ಚೀಲದಲ್ಲಿ. ಡಿಜಿಲಾಕರಿನ ಆಧಾರ್, ಚಾಲನಾ ಪರವಾನಗಿಯೂ ನಡೆಯುತ್ತದೆ.

ಚಿಕಿತ್ಸೆಗೆ ಹೋಗುವವರು ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳನ್ನು ಮಡಚಬಾರದು. ದೊಡ್ಡ ರಟ್ಟಿಗೆ ಕಟ್ಟಿ, ಬರ್ತಿನಲ್ಲಿ ನೀವು ಹಾಸಿದ ಬಟ್ಟೆಯ ಅಡಿಗೆ ಗೋಡೆಯ ಬದಿ ಇಡಿ.

ಹಿರಿಯರ ಮಾತ್ರೆ, ಇನ್ಸುಲಿನ್?

ಮಾತ್ರೆ ರಾತ್ರಿ ಚೀಲದಲ್ಲಿ, ಡಾಕ್ಟರ ಚೀಟಿಯ ಜೊತೆ, ಲೆಕ್ಕಕ್ಕಿಂತ ಎರಡು ದಿನದ್ದು ಹೆಚ್ಚಿಗೆ. ಬಳಸುತ್ತಿರುವ ಇನ್ಸುಲಿನಿಗೆ ಒಂದು ರಾತ್ರಿಗೆ ಫ್ರಿಜ್ಜು ಬೇಡ, ಬಿಸಿಲು ತಾಗದಿದ್ದರಾಯಿತು. ತೆರೆಯದ ಶೀಶೆಗಳನ್ನು ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಒಯ್ಯಿರಿ, ಆದರೆ ಮಂಜುಗಡ್ಡೆಗೆ ನೇರ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲ. ಸಕ್ಕರೆ ಕಾಯಿಲೆಯವರ ಕೈಗೆಟುಕುವಲ್ಲಿ ಒಂದು ತುಂಡು ಬೆಲ್ಲವೋ ನಾಲ್ಕು ಮಿಠಾಯಿಯೋ ಇರಲಿ.

ಏನು ಒಯ್ಯಲೇಬಾರದು?

ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ, ಪೆಟ್ರೋಲು, ಪಟಾಕಿ, ಆ್ಯಸಿಡ್, ಒಲೆ. ವಿಷುವಿಗೋ ದೀಪಾವಳಿಗೋ ಮಕ್ಕಳಿಗೆಂದು ಸುರುಸುರುಬತ್ತಿ ಕೂಡ ಬೇಡ, ಇದು ಶಿಕ್ಷಾರ್ಹ ಅಪರಾಧ. ರಬ್ಬರು ಶೀಟಿನ ಕೆಲಸದವರು ಫಾರ್ಮಿಕ್ ಆ್ಯಸಿಡಿನ ಕ್ಯಾನು ಒಯ್ಯುವುದೂ ಇದರಲ್ಲೇ ಬಂತು.

ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಹತ್ತುವುದು ಹೇಗೆ?

ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ಕೇಳಿ ಅಲ್ಲೇ ನಿಲ್ಲಿ. ಸಾಮಾನಿಲ್ಲದ ಒಬ್ಬರು ಮೊದಲು ಹತ್ತಬೇಕು. ಕೆಳಗಿನವರು ಭಾರದ ಚೀಲ ಮೊದಲು, ಹಗುರದ್ದು ಆಮೇಲೆ ಕೊಡಬೇಕು. ಹಿರಿಯರೂ ಮಕ್ಕಳೂ ಭಾರದ ಚೀಲಗಳ ನಂತರ, ಬೀಳ್ಕೊಡಲು ಬಂದವರು ಬೋಗಿಯೊಳಗೆ ಹತ್ತಲೇಬಾರದು. ಒಳಗೆ ಬಂದ ಚೀಲಗಳನ್ನು ಬಾಗಿಲಿನಿಂದ ಸರಿಸಿ ಶೌಚಾಲಯದ ಬದಿಗೆ ಒತ್ತಿಡಿ, ರೈಲು ಹೊರಟ ಮೇಲೆ ಒಂದೊಂದಾಗಿ ಬರ್ತಿಗೆ ಒಯ್ಯಬಹುದು. ಅಷ್ಟರವರೆಗೆ ಒಬ್ಬರು ಅಲ್ಲೇ ನಿಲ್ಲಬೇಕು. ನಿಮ್ಮ ಬೋಗಿ ಸಿಗಲಿಲ್ಲವೆಂದು ಓಡಬೇಡಿ. ಹತ್ತಿರದ ಸ್ಲೀಪರ್ ಬೋಗಿಗೆ ಹತ್ತಿ ಒಳಗಿನಿಂದಲೇ ನಡೆದು ಹೋಗಿ.

ಚೀಲ ಕಳುವಾದರೆ, ಅಥವಾ ಬೋಗಿಯಲ್ಲೇ ಮರೆತು ಇಳಿದರೆ?

139ಕ್ಕೆ ಫೋನು ಮಾಡಿ, ಅಥವಾ ರೈಲ್ ಮದದ್ ಆ್ಯಪಿನಲ್ಲಿ ದೂರು ಹಾಕಿ. ಕಳುವಾದರೆ ರೈಲು ಬಿಟ್ಟು ಇಳಿಯಬೇಕಾಗಿಲ್ಲ. ಟಿಟಿ, ಗಾರ್ಡು ಅಥವಾ ಬೋಗಿಯ ಕಾವಲಿನ ಪೊಲೀಸರ ಹತ್ತಿರ ದೂರಿನ ಫಾರಂ ಇರುತ್ತದೆ, ತುಂಬಿ ಕೊಟ್ಟು ಪ್ರಯಾಣ ಮುಂದುವರಿಸಬಹುದು. ಮರೆತದ್ದಾದರೆ ಪಿಎನ್‌ಆರ್, ಬೋಗಿ, ಬರ್ತಿನ ಸಂಖ್ಯೆ, ಚೀಲದ ಬಣ್ಣ ಹೇಳಿ, ಮುಂದಿನ ಸ್ಟೇಷನಿನಲ್ಲಿ ತೆಗೆದಿಡುವಂತೆ ಕೇಳಿ. ಹುಡುಕುವವರಿಗೆ ಕಪ್ಪು ಬ್ಯಾಗು ಎಂದಷ್ಟೇ ಹೇಳಿದರೆ ಸಾಲದು, ಬೋಗಿಯ ತುಂಬಾ ಕಪ್ಪು ಬ್ಯಾಗುಗಳೇ. ಹೊರಡುವ ಮೊದಲೇ ಪ್ರತಿ ಚೀಲದ ಹಿಡಿಗೂ ಎದ್ದುಕಾಣುವ ಒಂದೇ ಬಣ್ಣದ ಬಟ್ಟೆಯ ಚೂರು ಕಟ್ಟಿ, ಒಳಗೆ ಹೆಸರು ಮತ್ತು ಫೋನು ನಂಬರು ಬರೆದ ಚೀಟಿ ಹಾಕಿ, ಎಲ್ಲವನ್ನೂ ಸಾಲಾಗಿ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ. ದೂರಿನ ಜೊತೆ ಆ ಫೋಟೋವನ್ನೇ ಕಳುಹಿಸಬಹುದು.